ಒಂದು ತಲೆಯ ಅಂತರ

ಕುದುರೆ ಪಂದ್ಯ ಎಂದೊಡನೆ ನಮ್ಮಲ್ಲಿ ಬಹುಪಾಲು ಜನ ಹುಬ್ಬು ಗಂಟಿಕ್ಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ರೇಸಿನ ಚಟಕ್ಕೆ ಬಿದ್ದು ಮನೆಮಾರು ಕಳೆದುಕೊಂಡವರ ಕತೆ ಕೇಳದವರು ಯಾರಿದ್ದಾರೆ? ಜೂಜಿನ ಮಾತು ಬಂದಾಗಲೆಲ್ಲ ಧರ್ಮರಾಯನ ನೆನಪಾಗುವ ನಾಡು ನಮ್ಮದು. ಆದರೆ ಪಂದ್ಯ ಕಟ್ಟುವವರ ಗದ್ದಲವನ್ನು ಪಕ್ಕಕ್ಕಿಟ್ಟು ಓಡುವ ಕುದುರೆಯನ್ನಷ್ಟೇ ನೋಡಿದರೆ ಅಲ್ಲಿ ಬೇರೊಂದು ಕತೆ ಕಾಣಿಸುತ್ತದೆ. ಕುದುರೆಗೆ ಬಹುಮಾನದ ಮೊತ್ತ ಗೊತ್ತಿಲ್ಲ, ಟಿಕೆಟ್ಟಿನ ದರ ಗೊತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಕುದುರೆ ಓಡುತ್ತಿದೆ ಎಂಬುದಷ್ಟೇ ಗೊತ್ತು.

1978ರ ಜೂನ್ 10ರ ಶನಿವಾರ ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್ ಮೈದಾನದಲ್ಲಿ ಎರಡು ಕುದುರೆಗಳು ಹೀಗೆ ಪಕ್ಕಪಕ್ಕದಲ್ಲಿ ಓಡಿದವು. ಒಂದರ ಹೆಸರು ಅಫರ್ಮ್ಡ್, ಇನ್ನೊಂದರ ಹೆಸರು ಆಲಿಡಾರ್. ಓಟ ನಡೆದದ್ದು ಎರಡೂವರೆ ನಿಮಿಷಕ್ಕೂ ಕಡಿಮೆ ಕಾಲ. ಕೊನೆಯಲ್ಲಿ ಎರಡರ ನಡುವೆ ಉಳಿದ ಅಂತರ ಒಂದು ತಲೆಯಷ್ಟು. ಕುದುರೆ ಓಟದ ಚರಿತ್ರೆ ಬರೆಯುವವರು ಇಂದಿಗೂ ಆ ದಿನವನ್ನು ದಾಟಿ ಮುಂದೆ ಹೋಗಲಾರರು.

ಮೂರು ಓಟ, ಒಂದೇ ಅವಕಾಶ

ಈ ಸ್ಪರ್ಧೆಯ ಮಹತ್ವ ತಿಳಿಯಬೇಕಾದರೆ ಅಮೆರಿಕದ 'ಟ್ರಿಪಲ್ ಕ್ರೌನ್' ಅಂದರೆ ಏನೆಂದು ತಿಳಿಯಬೇಕು. ಇದು ಒಂದು ಓಟವಲ್ಲ, ಮೂರು ಓಟಗಳ ಸರಣಿ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್ ನಗರದಲ್ಲಿ ಕೆಂಟಕಿ ಡರ್ಬಿ. ದೂರ 10 ಫರ್ಲಾಂಗು. ಎರಡು ವಾರಗಳ ನಂತರ ಬಾಲ್ಟಿಮೋರ್ ನಗರದಲ್ಲಿ ಪ್ರೀಕ್‌ನೆಸ್, ಒಂಬತ್ತೂವರೆ ಫರ್ಲಾಂಗು. ಅದಾದ ಮೂರು ವಾರಕ್ಕೆ ನ್ಯೂಯಾರ್ಕಿನಲ್ಲಿ ಬೆಲ್ಮಾಂಟ್ ಸ್ಟೇಕ್ಸ್. 12 ಫರ್ಲಾಂಗು, ಅಂದರೆ ಸುಮಾರು 2,400 ಮೀಟರು. ಐದು ವಾರಗಳಲ್ಲಿ ಮೂರು ಊರು, ಮೂರು ಬಗೆಯ ಮೈದಾನ, ಮೂರು ಬೇರೆ ಬೇರೆ ದೂರ. ಮೂರರಲ್ಲೂ ಗೆದ್ದ ಕುದುರೆಗೆ ಮಾತ್ರ ಕಿರೀಟ. ಮೈದಾನದ ಪುನರ್ನಿರ್ಮಾಣದ ಕಾರಣ 2024 ಮತ್ತು 2025ರಲ್ಲಿ ಬೆಲ್ಮಾಂಟ್ ಓಟ ಸರಟೋಗಾಕ್ಕೆ ಸ್ಥಳಾಂತರಗೊಂಡು 10 ಫರ್ಲಾಂಗಿಗೆ ಇಳಿದಿತ್ತು. ನಾವು ಹೇಳುತ್ತಿರುವ ಕಾಲದಲ್ಲಿ ಅದು ಪೂರ್ತಿ ಒಂದೂವರೆ ಮೈಲಿಯ ಓಟ.

ಇನ್ನೊಂದು ನಿಯಮವಿದೆ. ಈ ಓಟಗಳಲ್ಲಿ ಮೂರು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಉತ್ತರಾರ್ಧ ಗೋಳದಲ್ಲಿ ಥರೋಬ್ರೆಡ್ ಕುದುರೆಗಳು ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ರಂದೇ ಎಲ್ಲಕ್ಕೂ ಒಂದು ವರ್ಷ ತುಂಬಿತೆಂದು ಲೆಕ್ಕ. ಹಾಗಾಗಿ ಯಾವ ಕುದುರೆಗಾದರೂ ಜೀವಮಾನದಲ್ಲಿ ಸಿಗುವುದು ಒಂದೇ ಬೇಸಿಗೆ. ಕ್ರಿಕೆಟ್ಟಿನಲ್ಲಿ ಈ ವಿಶ್ವಕಪ್ ಹೋದರೆ ನಾಲ್ಕು ವರ್ಷ ಕಾಯಬಹುದು; ಇಲ್ಲಿ ಕಾಯುವಂತಿಲ್ಲ. ತಪ್ಪಿದರೆ ತಪ್ಪಿತು.

1919ರಲ್ಲಿ ಸರ್ ಬಾರ್ಟನ್ ಎಂಬ ಕುದುರೆ ಮೊದಲ ಬಾರಿಗೆ ಮೂರನ್ನೂ ಗೆದ್ದಿತು. 1948ರಲ್ಲಿ ಸೈಟೇಶನ್ ಗೆದ್ದ ಮೇಲೆ 25 ವರ್ಷ ಯಾವುದೂ ಗೆಲ್ಲಲಿಲ್ಲ. 1973ರಲ್ಲಿ ಸೆಕ್ರೆಟೇರಿಯಟ್ ಆ ಬರವನ್ನು ಮುರಿಯಿತು. ಅದು ಬೆಲ್ಮಾಂಟ್ ಓಟವನ್ನು ಗೆದ್ದದ್ದು 31 ಕುದುರೆಯುದ್ದಗಳ ಅಂತರದಲ್ಲಿ! 1977ರಲ್ಲಿ ಸಿಯಾಟಲ್ ಸ್ಲೂ. 1978ರಲ್ಲಿ ಮತ್ತೆ ಅಂಥದೇ ಪ್ರಶ್ನೆ ಎದ್ದಿತು. ಆದರೆ ಈ ಸಲ ವೀರ ಒಬ್ಬನಲ್ಲ, ಇಬ್ಬರು.

ಅಣ್ಣನ ಮಗ, ಚಿಕ್ಕಪ್ಪ

ಅಫರ್ಮ್ಡ್ ಹುಟ್ಟಿದ್ದು 1975ರ ಫೆಬ್ರುವರಿ 21ರಂದು ಫ್ಲಾರಿಡಾದಲ್ಲಿ. ಆಲಿಡಾರ್ ಹುಟ್ಟಿದ್ದು ಅದೇ ವರ್ಷ ಮಾರ್ಚ್ 23ರಂದು ಕೆಂಟಕಿಯಲ್ಲಿ. ಎರಡೂ ಕಂದು ಕೆಂಪಿನ ಗಂಡು ಕುದುರೆಗಳು. ಆಲಿಡಾರ್‌ನ ತಂದೆ ರೈಸ್ ಎ ನೇಟಿವ್. ಅದರ ಇನ್ನೊಬ್ಬ ಮಗ ಎಕ್ಸ್‌ಕ್ಲೂಸಿವ್ ನೇಟಿವ್. ಅದರ ಮಗ ಅಫರ್ಮ್ಡ್. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಆಲಿಡಾರ್ ಚಿಕ್ಕಪ್ಪ, ಅಫರ್ಮ್ಡ್ ಅಣ್ಣನ ಮಗ. ಚಿಕ್ಕಪ್ಪನೇ ವಯಸ್ಸಿನಲ್ಲಿ ಒಂದು ತಿಂಗಳು ಚಿಕ್ಕವನು! ಹಳೆಯ ಕಾಲದ ಕೂಡು ಕುಟುಂಬಗಳಲ್ಲಿ ಇಂಥದ್ದು ನಮಗೇನೂ ಹೊಸದಲ್ಲ.

ಎರಡರ ಮನೆತನಗಳು ಮಾತ್ರ ಬೇರೆ. ಆಲಿಡಾರ್ ಕೆಂಟಕಿಯ ಕ್ಯಾಲುಮೆಟ್ ಫಾರ್ಮ್‌ನ ಕುದುರೆ. ಅದು ಅಮೆರಿಕದ ಕುದುರೆ ಓಟದ ಅರಮನೆಯಿದ್ದಂತೆ. ಅದುವರೆಗೆ ಎಂಟು ಬಾರಿ ಕೆಂಟಕಿ ಡರ್ಬಿಯನ್ನು ಗೆದ್ದಿದ್ದ ಸಂಸ್ಥೆ. ಸೈಟೇಶನ್ ಕೂಡ ಅಲ್ಲಿನದೇ. ಆದರೆ ಕೊನೆಯ ಹತ್ತು ವರ್ಷಗಳಲ್ಲಿ ಅದರ ವೈಭವ ಮಾಸಿತ್ತು. ಒಡತಿ ಲೂಸಿಲ್ ಮಾರ್ಕಿ ಮತ್ತು ಅವರ ಪತಿ ವೃದ್ಧಾಪ್ಯದಿಂದ ಜರ್ಝರಿತರಾಗಿದ್ದರು. 1978ರ ಏಪ್ರಿಲ್‌ನಲ್ಲಿ ಮನೆಯ ಹತ್ತಿರದ ಕೀನ್‌ಲ್ಯಾಂಡ್ ಮೈದಾನದಲ್ಲಿ ಆಲಿಡಾರ್ ಓಡುವ ದಿನ ಇಬ್ಬರೂ ಕಾರಿನಲ್ಲಿ ಬಂದು ಕಟಕಟೆಯ ಬಳಿ ನಿಂತರು. ಜಾಕಿ ಜಾರ್ಜ್ ವೆಲಾಸ್ಕೆಸ್ ಓಟಕ್ಕೆ ಮೊದಲು ಕುದುರೆಯನ್ನು ಅವರ ಹತ್ತಿರಕ್ಕೇ ನಡೆಸಿಕೊಂಡು ಹೋಗಿ ತೋರಿಸಿದ. ಆಮೇಲೆ ಆಲಿಡಾರ್ ಹೋಗಿ 13 ಕುದುರೆಯುದ್ದಗಳಿಂದ ಗೆದ್ದು ಬಂದಿತು. ಆ ವೃದ್ಧ ದಂಪತಿಗೆ ಇನ್ನೊಂದು ಡರ್ಬಿ ಗೆದ್ದುಕೊಡಬೇಕೆಂಬುದು ತರಬೇತುದಾರ ಜಾನ್ ವೀಚ್ ಅವರ ಕನಸು.

ಅಫರ್ಮ್ಡ್‌ನ ಮಾಲೀಕರು ಲೂಯಿ ವುಲ್ಫ್‌ಸನ್ ಮತ್ತು ಪಟ್ರೀಸ್ ವುಲ್ಫ್‌ಸನ್ ದಂಪತಿ. ತರಬೇತುದಾರ ಕ್ಯೂಬಾದಿಂದ ಬಂದ ಲಾಸ್ ಬರೇರಾ. ಜಾಕಿ ಸ್ಟೀವ್ ಕಾಥೆನ್ ಎಂಬ ಹುಡುಗ. ಕೆಂಟಕಿಯ ಸಣ್ಣ ಊರಿನ ಈ ಹುಡುಗನ ತಂದೆ ಕುದುರೆಗಳಿಗೆ ಲಾಳ ಕಟ್ಟುವ ಕಸುಬಿನವರು. ಬಾಲ್ಯದಲ್ಲಿ ಕೊಟ್ಟಿಗೆಯ ಒಣಹುಲ್ಲಿನ ಹೊರೆಗಳ ಮೇಲೆ ಕೂತು ಚಾಟಿ ಬೀಸುವ ಅಭ್ಯಾಸ ಮಾಡಿದವನು. 1977ರಲ್ಲಿ, ಇನ್ನೂ 17ನೆಯ ವಯಸ್ಸಿನಲ್ಲಿ, ಒಂದೇ ವರ್ಷದಲ್ಲಿ 487 ಓಟಗಳನ್ನು ಗೆದ್ದು ದೇಶದ ಮನೆಮಾತಾದ. ಬೆಲ್ಮಾಂಟ್ ದಿನ ಅವನಿಗೆ 18 ತುಂಬಿ ಆರು ವಾರವೂ ಆಗಿರಲಿಲ್ಲ.

ಎರಡು ವರ್ಷದ ಮರಿಗಳಾಗಿದ್ದಾಗಲೇ, 1977ರಲ್ಲಿ, ಇವೆರಡೂ ಆರು ಸಲ ಎದುರಾಗಿದ್ದವು. ನಾಲ್ಕು ಸಲ ಅಫರ್ಮ್ಡ್, ಎರಡು ಸಲ ಆಲಿಡಾರ್ ಗೆದ್ದಿತ್ತು. ಒಂದು ಓಟದಲ್ಲಿ ಅಂತರ ಅರ್ಧ ಕುದುರೆಯುದ್ದ, ಇನ್ನೊಂದರಲ್ಲಿ ಕತ್ತಿನಷ್ಟು, ಮತ್ತೊಂದರಲ್ಲಿ ಮೂಗಿನಷ್ಟು.

ಇಲ್ಲಿ ಈ ಅಳತೆಗಳ ಬಗ್ಗೆ ಒಂದು ಮಾತು. ಕುದುರೆ ಓಟದಲ್ಲಿ ಗೆಲುವಿನ ಅಂತರವನ್ನು ಮೀಟರಿನಲ್ಲಿ ಹೇಳುವುದಿಲ್ಲ, ಕುದುರೆಯ ಮೈಯಲ್ಲೇ ಹೇಳುತ್ತಾರೆ. ಮೂಗಿನಿಂದ ಬಾಲದ ಬುಡದವರೆಗಿನ ಒಂದು ಕುದುರೆಯುದ್ದ ಸುಮಾರು ಎಂಟು ಅಡಿ. ಅದಕ್ಕಿಂತ ಕಡಿಮೆಯಾದರೆ ಕತ್ತು, ಇನ್ನೂ ಕಡಿಮೆಯಾದರೆ ತಲೆ, ತೀರ ಕಡಿಮೆಯೆಂದರೆ ಮೂಗು. ನಮ್ಮ ಹಿರಿಯರು ಗೇಣು, ಮೊಳ, ಮಾರು ಎಂದು ಮೈಯಿಂದಲೇ ಅಳತೆ ಮಾಡುತ್ತಿದ್ದರಲ್ಲ, ಹಾಗೆ.

ಐದು ವಾರ

ಚಳಿಗಾಲದಲ್ಲಿ ಎರಡೂ ದೂರವಾದವು. ಅಫರ್ಮ್ಡ್ ಕ್ಯಾಲಿಫೋರ್ನಿಯಾದಲ್ಲಿ, ಆಲಿಡಾರ್ ಫ್ಲಾರಿಡಾದಲ್ಲಿ ಗೆಲ್ಲುತ್ತಾ ಹೋದವು. ಮೇ 6ರಂದು ಕೆಂಟಕಿ ಡರ್ಬಿಗೆ ಬಂದಾಗ ಪಂದ್ಯ ಕಟ್ಟುವವರ ಹೆಚ್ಚಿನ ಹಣ ಇದ್ದದ್ದು ಆಲಿಡಾರ್ ಮೇಲೆ. ಅಂದು ಆಲಿಡಾರ್ ಆರಂಭದಲ್ಲಿ ತುಂಬ ಹಿಂದೆ ಉಳಿಯಿತು. ಕೊನೆಯಲ್ಲಿ ಬಿರುಗಾಳಿಯಂತೆ ಬಂದರೂ ಅಫರ್ಮ್ಡ್ ಒಂದೂವರೆ ಕುದುರೆಯುದ್ದ ಮುಂದಿತ್ತು. ಎರಡು ವಾರಗಳ ನಂತರ ಪ್ರೀಕ್‌ನೆಸ್. ಆಲಿಡಾರ್ ಈ ಸಲ ಇನ್ನೂ ಹತ್ತಿರ ಬಂದಿತು. ಸೋಲು ಒಂದು ಕತ್ತಿನಷ್ಟು ಮಾತ್ರ. ಒಂದೂವರೆ ಉದ್ದವಿದ್ದದ್ದು ಕತ್ತಿಗೆ ಇಳಿಯಿತು. ಬೆಲ್ಮಾಂಟ್ ಮೂರರಲ್ಲಿ ಅತಿ ದೀರ್ಘ ಓಟ. ಇನ್ನಷ್ಟು ದೂರ ಸಿಕ್ಕಿದರೆ ಆಲಿಡಾರ್ ಹಿಡಿದೇ ಬಿಡುತ್ತದೆ ಎಂದು ಅನೇಕರು ಲೆಕ್ಕ ಹಾಕಿದರು. ಲೆಕ್ಕ ತರ್ಕಬದ್ಧವಾಗಿಯೇ ಇತ್ತು.

ಎರಡೂವರೆ ನಿಮಿಷ

ಜೂನ್ 10ರಂದು ಬೆಲ್ಮಾಂಟ್ ಪಾರ್ಕಿನಲ್ಲಿ ಸೇರಿದವರು 65,417 ಮಂದಿ. ಓಡಲು ಬಂದ ಕುದುರೆಗಳು ಐದೇ. ಬೆಲ್ಮಾಂಟ್ ಮೈದಾನದ ಸುತ್ತಳತೆಯೇ ಒಂದೂವರೆ ಮೈಲಿ. ಒಂದು ಪೂರ್ತಿ ಸುತ್ತು ಬಂದರೆ ಓಟ ಮುಗಿಯಿತು.

ಗೇಟು ತೆರೆದ ಸ್ವಲ್ಪ ಹೊತ್ತಿಗೆ ಅಫರ್ಮ್ಡ್ ಮುಂದೆ ಬಂದಿತು. ಕಾಥೆನ್ ಇಲ್ಲೊಂದು ಜಾಣತನ ಮಾಡಿದ. ಯಾರೂ ಮುಂದೆ ಓಡಿ ತೊಂದರೆ ಕೊಡದ ಕಾರಣ ಕುದುರೆಯ ವೇಗವನ್ನು ಹಿಡಿದಿಟ್ಟ. ಮೊದಲ ಕಾಲು ಮೈಲಿಗೆ 25 ಸೆಕೆಂಡು, ಅರ್ಧ ಮೈಲಿಗೆ 50 ಸೆಕೆಂಡು. ಈ ದರ್ಜೆಯ ಕುದುರೆಗೆ ಇದು ಅಡ್ಡಾಡಿದಷ್ಟು ಸುಲಭ. ವೇಗ ಏಕೆ ಮುಖ್ಯ ಎಂದು ಕೇಳಬಹುದು. ಕುದುರೆಯ ಸ್ನಾಯುಗಳಲ್ಲಿರುವ ಶಕ್ತಿ ಬಿಂದಿಗೆಯ ನೀರಿದ್ದಂತೆ. ಆರಂಭದಲ್ಲೇ ಸುರಿದುಬಿಟ್ಟರೆ ಕೊನೆಗೆ ಗಂಟಲು ಒಣಗುತ್ತದೆ. ಮುಂದಿರುವ ಕುದುರೆ ನಿಧಾನವಾಗಿ ಓಡಿದಷ್ಟೂ ಅದಕ್ಕೆ ಉಳಿತಾಯ. ಹಿಂದಿನಿಂದ ಬಂದು ಹಿಡಿಯಬೇಕಾದ ಕುದುರೆಗೆ ನಷ್ಟ.

ವೆಲಾಸ್ಕೆಸ್ ಇದನ್ನು ತಕ್ಷಣ ಅರಿತ. ಇನ್ನೂ ಮುಕ್ಕಾಲು ಮೈಲಿಗೂ ಹೆಚ್ಚು ದೂರ ಉಳಿದಿರುವಾಗಲೇ ಆಲಿಡಾರ್‌ನನ್ನು ಅಫರ್ಮ್ಡ್‌ನ ಪಕ್ಕಕ್ಕೆ ತಂದ. ಅಲ್ಲಿಂದ ಇದು ಐದು ಕುದುರೆಗಳ ಓಟವಾಗಿ ಉಳಿಯಲಿಲ್ಲ. ಒಳಗಡೆ ಕಟಕಟೆಯ ಬದಿಗೆ ಅಫರ್ಮ್ಡ್, ಹೊರಗಡೆ ಆಲಿಡಾರ್. ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡಿಯಂತೆ ಓಡಿದವು. ಮೂರನೆಯ ಕಾಲು ಮೈಲಿ 24 ಸೆಕೆಂಡಿಗೆ ಇಳಿಯಿತು. ನಾಲ್ಕನೆಯದು 23 ಸೆಕೆಂಡು ಚಿಲ್ಲರೆಗೆ. ಸಾಮಾನ್ಯವಾಗಿ ದೂರದ ಓಟಗಳಲ್ಲಿ ಮೊದಲು ವೇಗ, ಆಮೇಲೆ ದಣಿವು. ಇಲ್ಲಿ ಓಡುತ್ತ ಓಡುತ್ತ ವೇಗ ಏರಿತು. ಉಳಿದ ಮೂರು ಕುದುರೆಗಳು ಬಹು ದೂರ ಹಿಂದೆ ಬಿದ್ದವು.

ಕೊನೆಯ ನೇರ ಹಾದಿಗೆ ತಿರುಗಿದಾಗ ಆಲಿಡಾರ್‌ನ ಮೂಗು ಮುಂದಾದಂತೆ ಕಂಡಿತು. ಅಫರ್ಮ್ಡ್ ಮೊದಲ ಸಲ ಸೋಲಿನ ಅಂಚಿಗೆ ಬಂದಿತ್ತು. ಆಲಿಡಾರ್ ಎಷ್ಟು ಹತ್ತಿರ ಒತ್ತಿಕೊಂಡಿತ್ತೆಂದರೆ ಕಾಥೆನ್‌ಗೆ ಬಲಗೈಯಲ್ಲಿ ಚಾಟಿ ಬೀಸಲು ಜಾಗವೇ ಇರಲಿಲ್ಲ. ಅವನು ಚಾಟಿಯನ್ನು ಎಡಗೈಗೆ ಬದಲಿಸಿದ. ಅಫರ್ಮ್ಡ್‌ಗೆ ಅದುವರೆಗೆ ಯಾರೂ ಎಡಗಡೆಯಿಂದ ಚಾಟಿ ತೋರಿಸಿರಲಿಲ್ಲ. ಕುದುರೆ ಚಕಿತಗೊಂಡಿತೋ ಅಥವಾ ಪಕ್ಕದ ಕಣ್ಣಿನಲ್ಲಿ ಕಂಡ ಹಳೆಯ ಎದುರಾಳಿಗೆ ದಾರಿ ಬಿಡಬಾರದೆಂದು ಹಟ ತೊಟ್ಟಿತೋ, ಒಂದೊಂದೇ ಅಂಗುಲ ಮರಳಿ ಮುಂದೆ ಬಂದಿತು. ಗುರಿ ಮುಟ್ಟಿದಾಗ ಅಂತರ ಒಂದು ತಲೆ. ಕಾಲ 2 ನಿಮಿಷ 26.8 ಸೆಕೆಂಡು, ಬೆಲ್ಮಾಂಟ್ ಚರಿತ್ರೆಯಲ್ಲಿ ಆಗ ಅದು ಮೂರನೆಯ ಅತಿ ವೇಗದ ಓಟ. ಕೊನೆಯ ಒಂದು ಮೈಲಿಗೆ ಹಿಡಿದದ್ದು 96.8 ಸೆಕೆಂಡು, ಅಂದರೆ ಗಂಟೆಗೆ ಸುಮಾರು 60 ಕಿ.ಮೀ. ವೇಗ. ಮೂರನೆಯ ಸ್ಥಾನದ ಕುದುರೆ ಬಂದದ್ದು 13 ಕುದುರೆಯುದ್ದಗಳಷ್ಟು ಹಿಂದೆ.

ಮೂರು ಓಟಗಳ ದೂರವನ್ನು ಕೂಡಿದರೆ ಸುಮಾರು ನಾಲ್ಕು ಮೈಲಿ. ಅಷ್ಟು ದೂರದಲ್ಲಿ ಆಲಿಡಾರ್ ಸೋತ ಒಟ್ಟು ಅಂತರ ಎರಡು ಕುದುರೆಯುದ್ದಕ್ಕಿಂತಲೂ ಕಡಿಮೆ. ಮೂರು ಓಟಗಳಲ್ಲೂ ಎರಡನೆಯದಾಗಿ ಬಂದ ಮೊಟ್ಟಮೊದಲ ಕುದುರೆ ಅದು. ಬೇರಾವ ವರ್ಷ ಹುಟ್ಟಿದ್ದರೂ ಆ ಕಿರೀಟ ಅದರದ್ದೇ ಆಗುತ್ತಿತ್ತೇನೋ!

ಹಟದ ಒಳಗುಟ್ಟು

ಥರೋಬ್ರೆಡ್ ತಳಿಯೇ ಮನುಷ್ಯನ ಕೈವಾಡ. 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಆದಿಯಲ್ಲಿ ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಬಂದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳಿಗೆ ಈ ತಳಿಯ ಎಲ್ಲ ಕುದುರೆಗಳ ಗಂಡು ಸಂತತಿ ಹೋಗಿ ಮುಟ್ಟುತ್ತದೆ. ಓಡುವುದಕ್ಕೆಂದೇ ಆರಿಸಿ ಆರಿಸಿ ಬೆಳೆಸಿದ ದೇಹ ಅದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30–40 ಸಲ ಬಡಿಯುವ ಹೃದಯ ನಾಗಾಲೋಟದಲ್ಲಿ 220ನ್ನೂ ದಾಟುತ್ತದೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳು ಓಟದ ಹೊತ್ತಿಗೆ ರಕ್ತಕ್ಕೆ ಬಂದು ಸೇರುತ್ತವೆ. ನಾಗಾಲೋಟದಲ್ಲಿ ಉಸಿರಾಟವೂ ಹೆಜ್ಜೆಯ ತಾಳಕ್ಕೆ ಬಿಗಿದುಕೊಳ್ಳುತ್ತದೆ. ಒಂದು ನೆಗೆತಕ್ಕೆ ಒಂದು ಉಸಿರು. ಸುಮಾರು 500 ಕಿಲೊ ತೂಕದ ಈ ದೇಹವನ್ನು ಹೊರುವುದು ಮಾತ್ರ ಕೋಲಿನಂಥ ನಾಲ್ಕು ಕಾಲುಗಳು.

ಆದರೆ ಅಫರ್ಮ್ಡ್ ಗೆದ್ದದ್ದು ಕೇವಲ ದೇಹಬಲದಿಂದಲ್ಲ. ಅದಕ್ಕೊಂದು ಸ್ವಭಾವವಿತ್ತು. ಒಂಟಿಯಾಗಿ ಮುಂದೆ ಓಡುವಾಗ ಅದು ಉದಾಸೀನವಾಗುತ್ತಿತ್ತು, ಎದುರಾಳಿ ಪಕ್ಕಕ್ಕೆ ಬಂದಾಗ ಎಚ್ಚೆತ್ತುಕೊಳ್ಳುತ್ತಿತ್ತು. ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಹಿಂಡಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕ ಅದಕ್ಕೆ ಹುಟ್ಟಿನಿಂದ ಬಂದದ್ದು. ಇದರಿಂದ ಒಂದು ಮಾತು ಹೊಳೆಯುತ್ತದೆ: ಅಫರ್ಮ್ಡ್‌ನಿಂದ ಅತ್ಯುತ್ತಮ ಓಟವನ್ನು ಹೊರತೆಗೆದದ್ದು ಆಲಿಡಾರ್‌ನೇ. ಪಕ್ಕದಲ್ಲಿ ಅದಿಲ್ಲದಿದ್ದರೆ ಬೆಲ್ಮಾಂಟಿನ ಕೊನೆಯ ಮೈಲಿ ಅಷ್ಟು ವೇಗವಾಗಿ ಸಾಗುತ್ತಿರಲಿಲ್ಲ.

ಚಾಟಿಯ ಮಾತು ಬಂತು. ಅಂದು ಅದನ್ನು ಚಾತುರ್ಯವೆಂದು ಹೊಗಳಿದರು. ಇಂದಿನ ಕಣ್ಣು ಬೇರೆ. 2022ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ರಾಷ್ಟ್ರಮಟ್ಟದ ನಿಯಮಗಳು ಒಂದು ಓಟದಲ್ಲಿ ಚಾಟಿಯ ಏಟನ್ನು ಆರಕ್ಕೆ ಮಿತಿಗೊಳಿಸಿದವು. ಎಳೆಯ ಮೂಳೆಯ ಕುದುರೆಗಳನ್ನು ಐದು ವಾರದಲ್ಲಿ ಮೂರು ಸಲ ಓಡಿಸುವುದು ಸರಿಯೇ ಎಂಬ ಪ್ರಶ್ನೆಯನ್ನೂ ಆ ಕ್ಷೇತ್ರದವರೇ ಎತ್ತುತ್ತಿದ್ದಾರೆ. ಸುಂದರವಾದ ಒಂದು ಓಟವನ್ನು ನೆನೆಯುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಸೋತವನ ಮಕ್ಕಳು

ಎರಡೂ ಮತ್ತೊಮ್ಮೆ ಎದುರಾದವು. ಆಗಸ್ಟಿನಲ್ಲಿ ಸರಟೋಗಾದ ಟ್ರಾವರ್ಸ್ ಓಟದಲ್ಲಿ ಅಫರ್ಮ್ಡ್ ಮೊದಲು ಗುರಿ ಮುಟ್ಟಿತು. ಆದರೆ ದಾರಿಯಲ್ಲಿ ಆಲಿಡಾರ್‌ಗೆ ಅಡ್ಡ ಬಂದಿತೆಂದು ತೀರ್ಪುಗಾರರು ಗೆಲುವನ್ನು ಆಲಿಡಾರ್‌ಗೆ ಕೊಟ್ಟರು. ಹತ್ತು ಭೇಟಿಗಳ ಲೆಕ್ಕ ಏಳಕ್ಕೆ ಮೂರು ಎಂದು ಅಲ್ಲಿಗೆ ಮುಗಿಯಿತು. ಇಂಥ ಮಹಾ ಸ್ಪರ್ಧೆಯ ಕೊನೆಯ ಪುಟ ತಕರಾರಿನಲ್ಲಿ ಮುಗಿದದ್ದು ಯಾರಿಗೂ ಹಿಡಿಸಲಿಲ್ಲ.

ಅಫರ್ಮ್ಡ್ 1978 ಮತ್ತು 1979ರಲ್ಲಿ ವರ್ಷದ ಶ್ರೇಷ್ಠ ಕುದುರೆಯೆನಿಸಿ, 29 ಓಟಗಳಲ್ಲಿ 22ನ್ನು ಗೆದ್ದು ನಿವೃತ್ತವಾಯಿತು. ಕಾಥೆನ್‌ನ ಅದೃಷ್ಟ ಮಾತ್ರ ತಿರುಗಿತು. 1979ರ ಆರಂಭದಲ್ಲಿ ಅವನು ಸತತ 110 ಓಟಗಳಲ್ಲಿ ಸೋತ. ಇಂಗ್ಲೆಂಡಿಗೆ ಹೋಗಿ ಹೊಸದಾಗಿ ಆರಂಭಿಸಿ, ಅಲ್ಲಿ ಮೂರು ಬಾರಿ ಚಾಂಪಿಯನ್ ಜಾಕಿಯಾದ. 1985 ಮತ್ತು 1987ರಲ್ಲಿ ಎಪ್ಸಮ್ ಡರ್ಬಿಯನ್ನೂ ಗೆದ್ದ.

ಇನ್ನು ಆಲಿಡಾರ್. ತಳಿ ಕುದುರೆಯಾಗಿ ಅದು ತನ್ನ ಎದುರಾಳಿಯನ್ನೂ ಮೀರಿಸಿತು. ಅದರ ಮಗ ಅಲಿಶೀಬಾ 1987ರಲ್ಲಿ ಕೆಂಟಕಿ ಡರ್ಬಿಯನ್ನೂ ಪ್ರೀಕ್‌ನೆಸ್ಸನ್ನೂ ಗೆದ್ದಿತು. ಇನ್ನೊಬ್ಬ ಮಗ ಈಸಿ ಗೋಯರ್ 1989ರಲ್ಲಿ ಬೆಲ್ಮಾಂಟ್ ಗೆದ್ದಿತು. ತಂದೆ ಕಳೆದುಕೊಂಡ ಮೂರನ್ನೂ ಮಕ್ಕಳು ಹೀಗೆ ಮನೆಗೆ ತಂದರು! ಈಸಿ ಗೋಯರ್ ಅಂದು ತಡೆದದ್ದು ಮೊದಲೆರಡು ಓಟ ಗೆದ್ದು ಕಿರೀಟದ ಹೊಸ್ತಿಲಲ್ಲಿದ್ದ ಸಂಡೇ ಸೈಲೆನ್ಸ್ ಎಂಬ ಕುದುರೆಯನ್ನು.

ಆದರೆ ಆ ಯಶಸ್ಸೇ ಆಲಿಡಾರ್‌ಗೆ ಮುಳುವಾಯಿತೇ? 1990ರ ನವೆಂಬರ್ 13ರ ರಾತ್ರಿ ಕ್ಯಾಲುಮೆಟ್ ಫಾರ್ಮ್‌ನ ತನ್ನ ಲಾಯದಲ್ಲಿ ಅದು ಕಾಲು ಮುರಿದುಕೊಂಡು ನಿಂತಿತ್ತು. ಶಸ್ತ್ರಚಿಕಿತ್ಸೆ ನಡೆಯಿತು, ಕಾಲು ಮತ್ತೆ ಮುರಿಯಿತು, 15ರಂದು ಅದಕ್ಕೆ ದಯಾಮರಣ ಕೊಡಬೇಕಾಯಿತು. ಫಾರ್ಮ್ ಆಗ ಸಾಲದಲ್ಲಿ ಮುಳುಗಿತ್ತು, ಕುದುರೆಯ ಮೇಲೆ ಕೋಟ್ಯಂತರ ಡಾಲರಿನ ವಿಮೆಯಿತ್ತು. ಮರುವರ್ಷವೇ ಕ್ಯಾಲುಮೆಟ್ ದಿವಾಳಿಯಾಯಿತು. ಅದು ಅಪಘಾತವೋ ಅಲ್ಲವೋ ಎಂಬ ಅನುಮಾನ ವರ್ಷಗಟ್ಟಲೆ ಎದ್ದಿತು. ಫಾರ್ಮ್‌ನ ಆಗಿನ ಮುಖ್ಯಸ್ಥರಿಗೆ 2000ದಲ್ಲಿ ಬ್ಯಾಂಕ್ ವಂಚನೆಯ ಮೊಕದ್ದಮೆಯಲ್ಲಿ ಶಿಕ್ಷೆಯಾಯಿತು. ಕುದುರೆಯ ಸಾವಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಸೋತಾಗ ಅದು ಬರಿಯ ಕುದುರೆಯಾಗಿತ್ತು. ಗೆಲ್ಲುವ ಮಕ್ಕಳ ತಂದೆಯಾದ ಮೇಲೆ ಅದಕ್ಕೊಂದು ಬೆಲೆ ಬಂತು. ಹುಬ್ಬು ಗಂಟಿಕ್ಕುವವರ ಮಾತಿನಲ್ಲಿ ಸತ್ಯವಿದೆ ಎಂದು ನಾನು ಮೊದಲೇ ಒಪ್ಪಿಕೊಂಡದ್ದು ಇದಕ್ಕೇ.

ವಿಧಿಯ ಆಟವೆಂದರೆ, 1980ರ ದಶಕದ ಕೊನೆಯ ವರ್ಷಗಳಲ್ಲಿ ಅಫರ್ಮ್ಡ್ ಕೂಡ ಅದೇ ಕ್ಯಾಲುಮೆಟ್ ಫಾರ್ಮ್‌ನಲ್ಲಿತ್ತು. ಒಂದು ಕಾಲಕ್ಕೆ ತಲೆಗೆ ತಲೆ ಕೊಟ್ಟು ಓಡಿದವು ಒಂದೇ ಆವರಣದ ಹುಲ್ಲು ಮೇಯ್ದವು. ಅಫರ್ಮ್ಡ್ 2001ರ ಜನವರಿಯಲ್ಲಿ, ತನ್ನ 26ನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ, ಗೊರಸಿನ ಕಾಯಿಲೆಯಿಂದ ತೀರಿಕೊಂಡಿತು.

1978ರ ನಂತರ ಆ ಕಿರೀಟಕ್ಕೆ 37 ವರ್ಷ ಒಡೆಯನೇ ಸಿಗಲಿಲ್ಲ. ಆ ಅವಧಿಯಲ್ಲಿ 13 ಕುದುರೆಗಳು ಮೊದಲೆರಡು ಓಟಗಳನ್ನು ಗೆದ್ದವು. ಮೂರನೆಯದನ್ನು ಒಂದೂ ಗೆಲ್ಲಲಿಲ್ಲ. 2015ರಲ್ಲಿ ಅಮೆರಿಕನ್ ಫೇರೋ, 2018ರಲ್ಲಿ ಜಸ್ಟಿಫೈ ಗೆದ್ದವು. ಅಂಕಿಅಂಶಗಳ ಪುಸ್ತಕದಲ್ಲಿ ಅಫರ್ಮ್ಡ್ ಈಗ 13ರಲ್ಲಿ ಒಂದು. ಆದರೆ ಉಳಿದ ಹನ್ನೆರಡರ ಹೆಸರು ಹೇಳುವಾಗ ಎರಡನೆಯ ಸ್ಥಾನದಲ್ಲಿ ಯಾರು ಬಂದರೆಂದು ಅಷ್ಟಾಗಿ ಯಾರೂ ಕೇಳುವುದಿಲ್ಲ. ಅಫರ್ಮ್ಡ್‌ನ ಹೆಸರು ಬಂದಾಗ ಮಾತ್ರ ಆಲಿಡಾರ್‌ನ ಹೆಸರು ತಾನಾಗಿ ಬರುತ್ತದೆ. ಪಂಪನ ಕಾಲದಿಂದಲೂ ಅರ್ಜುನನ ಜೊತೆಗೆ ಕರ್ಣನನ್ನೂ ನೆನೆಯುತ್ತ ಬಂದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.